ಸುರತ್ಕಲ್ಲಿಗೆ ಒಂದು ದಿನದ ಪಯಣ

2018ರ ಅಕ್ಟೋಬರ್ ತಿಂಗಳ ಒಂದು ಭಾನುವಾರ ನಾವು ಸಕುಟುಂಬರಾಗಿ ಕುಂಬಳೆಯಲ್ಲಿ ಬೆಳಗಿನ ರೈಲನ್ನೇರಿ ಸುರತ್ಕಲ್ಲಿಗೆ ಹೊರಟೆವು. ಕೈಚೀಲದಲ್ಲಿ ಒಂದು ಡಬ್ಬಿ ಅವಲಕ್ಕಿ, ಹಲಸಿನ ಹಪ್ಪಳ ಮತ್ತು ಹತ್ತು ಮೊಳ ನಾರಿನ ಹಗ್ಗ ಇದ್ದುವು. ಹಗ್ಗವೇಕೆಂದು ವಾಚಕರು ಕೇಳಬಹುದು. ಅಲ್ಲಿಯ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಪದವಿಗೆ ಸೇರಿ ಮೂರು ತಿಂಗಳೂ ತುಂಬದ ನಮ್ಮ ಮಗನು, "ಇದು ನನ್ನಿಂದಾಗದು, ಬಂದು ಕರೆದುಕೊಂಡು ಹೋಗಿ" ಎಂದು ಹಿಂದಿನ ರಾತ್ರಿ ಫೋನಿನಲ್ಲಿ ಹೇಳಿದ್ದನು. ಅವನ ಹಾಸಿಗೆ, ಪುಸ್ತಕಗಳನ್ನು ಕಟ್ಟಿ ತರಬೇಕಲ್ಲ!

ಉಪ್ಪಳ, ಮಂಜೇಶ್ವರಗಳನ್ನು ಬಿಟ್ಟ ಮೇಲೆ ರೈಲು ಯಾವಾಗ ಕೇರಳವನ್ನು ದಾಟಿತೆಂಬುದು ತಿಳಿಯುವುದೇ ಇಲ್ಲ. ಎರಡು ಕಡೆಗೂ ಅದೇ ತೆಂಗು, ಅದೇ ಗದ್ದೆ. ಆದರೆ ಕಾಗದದ ಮೇಲೆ ಗಡಿ ಬಲು ಸ್ಪಷ್ಟ. ನಮ್ಮ ಮನೆಯಿಂದ ಸುರತ್ಕಲ್ಲಿಗೆ 60 ಕಿಲೋಮೀಟರುಗಳಷ್ಟೆ. ಕಲ್ಲಿಕೋಟೆಯ ಅಂಥದೇ ಸಂಸ್ಥೆಗೆ ಸುಮಾರು 200. ಇಂಥ ಸಂಸ್ಥೆಗಳಲ್ಲಿ ಅರ್ಧದಷ್ಟು ಸ್ಥಾನಗಳು ಆಯಾ ರಾಜ್ಯದವರಿಗೆ ಮೀಸಲು. ವಿದ್ಯಾರ್ಥಿಯು ಹನ್ನೆರಡನೆಯ ತರಗತಿಯನ್ನು ಎಲ್ಲಿ ಮುಗಿಸಿದನೋ ಅದೇ ಅವನ ರಾಜ್ಯ. ಆದುದರಿಂದ ನಮ್ಮ ಹುಡುಗನಿಗೆ ದೂರದ ಕಲ್ಲಿಕೋಟೆ ಸ್ವಂತದ್ದಾಗಿ, ಸುರತ್ಕಲ್ ಪರರಾಜ್ಯವಾಯಿತು. ಅವನು ಇಡೀ ಭಾರತದ ಹುಡುಗರೊಡನೆ ಸ್ಪರ್ಧಿಸಿಯೇ ಇಲ್ಲಿ ಸ್ಥಾನ ಪಡೆದಿದ್ದನು. ಹಾಗೆ ಪಡೆದುದನ್ನು ಬಿಟ್ಟು ಬರುವುದೆಂದರೆ ನಮ್ಮ ಹೊಟ್ಟೆಯುರಿಯದಿರುವುದೆಂತು?

ಮಂಗಳೂರಿನಿಂದ ಬಸ್ಸು. ಕೂಳೂರಿನ ಸೇತುವೆಯನ್ನು ದಾಟಿದರೆ ಪಣಂಬೂರು. 1975ರಲ್ಲಿ ಉದ್ಘಾಟನೆಯಾದ ನವಮಂಗಳೂರು ಬಂದರು, ರಸಗೊಬ್ಬರದ ಕಾರ್ಖಾನೆ, ಬೈಕಂಪಾಡಿಯ ಕೈಗಾರಿಕಾ ಪ್ರದೇಶ. ಎಲ್ಲೆಲ್ಲೂ ಕೊಳವೆಗಳು, ಟ್ಯಾಂಕುಗಳು, ಕ್ರೇನುಗಳು. ಮೆಕ್ಯಾನಿಕಲ್ ಕಲಿಯುವವನಿಗೆ ಈ ದಾರಿಯೇ ಒಂದು ಪಾಠವೆಂದು ನಮಗೆ ತೋರಿತು. ಆದರೆ ಆ ದಿನ ಅದನ್ನು ಆಡಿ ತೋರಿಸುವ ಉತ್ಸಾಹವಿರಲಿಲ್ಲ.

ಸಂಸ್ಥೆಯ ಆವರಣವು ಹೆದ್ದಾರಿಯ ಎರಡೂ ಬದಿಗೆ ಹರಡಿಕೊಂಡಿದೆ. ಪಡುವಣದ ಅಂಚಿಗೆ ಸಮುದ್ರ. 1960ರಲ್ಲಿ ಇದು ಕರ್ನಾಟಕ ಪ್ರಾದೇಶಿಕ ಇಂಜಿನಿಯರಿಂಗ್ ಕಾಲೇಜಾಗಿ ಪ್ರಾರಂಭವಾಯಿತು. 2002ರಲ್ಲಿ ಈಗಿನ ಹೆಸರು ಬಂದಿತು. ಇದನ್ನು ಇಲ್ಲಿಗೆ ತರಲು ಶ್ರಮಿಸಿದವರು ಸಂಸತ್ ಸದಸ್ಯರಾಗಿದ್ದ ಉಳ್ಳಾಲ ಶ್ರೀನಿವಾಸ ಮಲ್ಯರು. ಬಂದರಿನ ಹಿಂದೆಯೂ ಅವರ ಪ್ರಯತ್ನವಿತ್ತು. ಆವರಣಕ್ಕೆ ಶ್ರೀನಿವಾಸನಗರವೆಂಬ ಹೆಸರು ಅವರದೇ. 1956ರ ನವೆಂಬರ್ 1ರವರೆಗೆ ನಮ್ಮ ಕಾಸರಗೋಡೂ ಅವರ ದಕ್ಷಿಣ ಕನ್ನಡ ಜಿಲ್ಲೆಯೊಳಗೇ ಇತ್ತೆಂಬುದನ್ನು ಹಿರಿಯ ವಾಚಕರು ಮರೆತಿರಲಾರರು.

ಹುಡುಗನು ನಮ್ಮನ್ನು ಕಡಲತೀರಕ್ಕೆ ಕರೆದೊಯ್ದನು. ಬಹಳ ಹೊತ್ತು ಮಾತಿಲ್ಲ. ಕೊನೆಗೆ ಹೇಳಿದನು: ಹತ್ತನೆಯ ತರಗತಿಯವರೆಗೆ ಅವನದು ಕನ್ನಡ ಮಾಧ್ಯಮ, ಮುಂದಿನ ಎರಡು ವರ್ಷದ ಇಂಗ್ಲಿಷನ್ನು ಬಾಯಿಪಾಠದ ಬಲದಿಂದ ದಾಟಿದ್ದನು. ಇಲ್ಲಿ ಅಧ್ಯಾಪಕರು 'ಆಕ್ಸಲರೇಶನ್' ಎಂದರೆ ಅವನ ಮನಸ್ಸು ಮೊದಲು ವೇಗೋತ್ಕರ್ಷಕ್ಕೆ ಹೋಗುತ್ತದೆ, 'ಇನರ್ಷಿಯಾ' ಎಂದರೆ ಜಡತ್ವಕ್ಕೆ. ಹಾಗೆ ಹೋಗಿ ತಿರುಗಿ ಬರುವಷ್ಟರಲ್ಲಿ ಕಪ್ಪುಹಲಗೆಯ ಮೇಲೆ ಇನ್ನೆರಡು ಸಮೀಕರಣಗಳು ಬೆಳೆದಿರುತ್ತವೆ. ಪ್ರಶ್ನೆ ಕೇಳಲು ಬಾಯಿ ಬಾರದು. ಅಕ್ಕಪಕ್ಕದವರು ದೊಡ್ಡ ಊರುಗಳ ಮಕ್ಕಳು.

ನಮಗೆ ಏನು ಹೇಳಬೇಕೆಂದು ತೋಚಲಿಲ್ಲ. ಬೈಯಲು ಬಂದ ಮಾತನ್ನು ನುಂಗಿಕೊಂಡೆವು. ನಮ್ಮ ಮನೆಯವರು ಮಾತ್ರ ಅವಲಕ್ಕಿಯ ಡಬ್ಬಿಯನ್ನು ಅವನ ಮುಂದಿಟ್ಟು, "ಇಲ್ಲಿ ಏನು ಕಲಿತೆಯೋ ಅದರಲ್ಲಿ ಒಂದನ್ನು ನನಗೆ ಹೇಳು" ಎಂದರು.

ಅವನು ಆ ಡಬ್ಬಿಯನ್ನೇ ಮರಳಿನ ಮೇಲಿಟ್ಟು, ಕಡ್ಡಿಯಿಂದ ಒಂದು ಆಯತವನ್ನು ಬರೆದನು. "ಇದು ಎದುರಿನಿಂದ ಕಂಡ ನೋಟ." ಅದರ ಕೆಳಗೆ ಒಂದು ವೃತ್ತ. "ಇದು ಮೇಲಿನಿಂದ ಕಂಡದ್ದು." ಮೇಲಿನಿಂದ ಕಂಡದ್ದನ್ನು ಕೆಳಗೇಕೆ ಬರೆದೆ ಎಂದು ತಾಯಿ ಕೇಳಿದರು. ಅವನ ಮುಖದಲ್ಲಿ ಆಗ ಕಳೆ ಬಂದಿತು. ಡಬ್ಬಿಯ ಹಿಂದೆ ಒಂದು ಗೋಡೆ, ಅಡಿಯಲ್ಲಿ ಒಂದು ನೆಲ ಇದೆಯೆಂದುಕೊಳ್ಳಬೇಕು. ಎದುರಿನಿಂದ ನೋಡಿದ ರೂಪವು ಹಿಂದಿನ ಗೋಡೆಯ ಮೇಲೂ, ಮೇಲಿನಿಂದ ನೋಡಿದ್ದು ಅಡಿಯ ನೆಲದ ಮೇಲೂ ಬೀಳುತ್ತದೆ. ಅನಂತರ ನೆಲವನ್ನು ಕೀಲಿನ ಬಾಗಿಲಿನಂತೆ ಕೆಳಕ್ಕೆ ತಿರುಗಿಸಿದರೆ ಎರಡೂ ಒಂದೇ ಕಾಗದಕ್ಕೆ ಬರುತ್ತವೆ, ಮೇಲಿನ ನೋಟ ತಾನಾಗಿ ಕೆಳಗಾಗುತ್ತದೆ. ನಮ್ಮ ದೇಶದ ನಕ್ಷೆಗಳ ರೂಢಿ ಇದೇ ಎಂದನು. ಏಳನೆಯ ತರಗತಿಗೆ ಶಾಲೆ ಬಿಟ್ಟ ಅವನ ತಾಯಿಗೆ ಅರ್ಥವಾಯಿತು. ನಿಜ ಹೇಳುವುದಾದರೆ, ನಮಗಿಂತ ಮೊದಲೇ ಅರ್ಥವಾಯಿತು.

ಆಮೇಲೆ ಅವನೇ ಎದ್ದು ವರ್ಕ್‌ಶಾಪಿನತ್ತ ನಡೆದನು. ಭಾನುವಾರವಾದ್ದರಿಂದ ಬಾಗಿಲು ಮುಚ್ಚಿತ್ತು, ಕಿಟಕಿಯಿಂದ ಇಣುಕಿದೆವು. ಉಕ್ಕಿನ ತುಂಡನ್ನು ಅರದಿಂದ ಉಜ್ಜಿ ಚೌಕ ಮಾಡಬೇಕಂತೆ. ಮೂಲೆಮಟ್ಟವನ್ನು ಇಟ್ಟು ಬೆಳಕಿಗೆ ಹಿಡಿದಾಗ ನಡುವೆ ಬೆಳಕು ಕಂಡರೆ ಮತ್ತೆ ಉಜ್ಜಬೇಕು. ಅವನ ಅಂಗೈಯಲ್ಲಿ ಬೊಕ್ಕೆಗಳು ಒಣಗಿ ಗಟ್ಟಿಯಾಗಿದ್ದುವು. ಅರ, ಎರಕ, ಬೆಸುಗೆ, ಇಕ್ಕಳ: ಇವೆಲ್ಲ ನಮ್ಮ ಕಮ್ಮಾರರ ಕುಲುಮೆಯ ಮಾತುಗಳೇ ಅಲ್ಲವೆ? ಆ ಕೊಟ್ಟಿಗೆಯೊಳಗೆ ತಾನು ಯಾರಿಗೂ ಹಿಂದಿಲ್ಲವೆಂದು ಅವನೇ ಹೇಳಿದನು.

ಮಕ್ಕಳನ್ನು ಈ ದಾರಿಗೆ ಕಳುಹಿಸುವವರಿಗಾಗಿ ಎರಡು ಮಾತು. ಸುರತ್ಕಲ್ಲಿನಂಥ ಸಂಸ್ಥೆಗಳ ಜಂಟಿ ಪ್ರವೇಶ ಪರೀಕ್ಷೆಯ ಮೊದಲ ಹಂತವನ್ನು 2021ರಿಂದ ಕನ್ನಡದಲ್ಲಿಯೂ ಬರೆಯಬಹುದಾಗಿದೆ. ಕರ್ನಾಟಕದ ಇತರ ಕಾಲೇಜುಗಳಿಗೆ ಅಲ್ಲಿನ ಸಾಮಾನ್ಯ ಪ್ರವೇಶ ಪರೀಕ್ಷೆಯುಂಟು. ಅದರಲ್ಲಿ ಗಡಿನಾಡ ಕನ್ನಡಿಗರಿಗೆಂದೇ ಒಂದು ವಿಭಾಗವಿದ್ದು, ಆ ಮಕ್ಕಳು ಕನ್ನಡ ಭಾಷಾ ಪರೀಕ್ಷೆಯನ್ನೂ ಬರೆಯಬೇಕಾಗುತ್ತದೆ. ಮನೆಯಲ್ಲಿ ಕನ್ನಡವನ್ನಾಡಿದರೆ ಸಾಲದು, ಬರೆಯಲೂ ಬರಬೇಕು. ಈ ವಿಭಾಗದ ಸುಳಿವೇ ಇಲ್ಲದವರು ನಮ್ಮ ಕಡೆ ಎಷ್ಟೋ ಮಂದಿ.

ಸಂಜೆ ಬಸ್ಸಿನವರೆಗೆ ಅವನು ಬಂದನು. ಹಾಸಿಗೆ ಕಟ್ಟುವ ಮಾತನ್ನು ಅವನೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ. "ಒಂದು ನೋಟುಪುಸ್ತಕದಲ್ಲಿ ಎಡಕ್ಕೆ ಇಂಗ್ಲಿಷ್, ಬಲಕ್ಕೆ ಕನ್ನಡ ಬರೆದಿಟ್ಟುಕೊಳ್ಳುತ್ತೇನೆ" ಎಂದಷ್ಟೆ ಹೇಳಿದನು. ಮೊದಲ ವರ್ಷದ ಒಂದು ವಿಷಯವನ್ನು ಅವನು ಎರಡನೆಯ ಸಲ ಬರೆಯಬೇಕಾಯಿತು. 2022ರಲ್ಲಿ ಪದವಿ ಮುಗಿಸಿದನು. ಅಂದು ರೈಲು ನೇತ್ರಾವತಿಯ ಸೇತುವೆಯನ್ನು ದಾಟುವಾಗ ನಮ್ಮ ಮನೆಯವರು ಚೀಲದಿಂದ ಹಗ್ಗವನ್ನು ಹೊರಗೆ ತೆಗೆದು, ಬಾವಿಕಟ್ಟೆಯ ಬಳಿ ಬಟ್ಟೆ ಒಣಗಿಸಲು ಇದು ಸಾಕಾದೀತೇ ಎಂದು ಮೊಳ ಹಾಕತೊಡಗಿದರು.