ಹಂಪೆಯ ಚಿತ್ರಗಳು

ಹಂಪೆಗೂ ಛಾಯಾಚಿತ್ರಕ್ಕೂ ಇರುವ ನಂಟು ಹಳೆಯದು. ವಿರೂಪಾಕ್ಷನ ಗುಡಿಯ ಹಿಂಭಾಗದ ಕತ್ತಲೆಯ ಮಂಟಪದಲ್ಲಿ, ಕಿರುರಂಧ್ರದ ಮೂಲಕ ರಾಜಗೋಪುರದ ನೆರಳು ತಲೆಕೆಳಗಾಗಿ ಗೋಡೆಯ ಮೇಲೆ ಬೀಳುವುದನ್ನು ಯಾತ್ರಿಕರು ನೋಡಿರುತ್ತಾರೆ. ಕ್ಯಾಮರಾದ ತತ್ತ್ವವೂ ಇದೇ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿಯು ಮೇಣ ಹಚ್ಚಿದ ಕಾಗದದ ಮೇಲೆ ಈ ಹಾಳುಪಟ್ಟಣದ ಬಿಂಬಗಳನ್ನು ಹಿಡಿದನು. ವಿಠ್ಠಲಾಲಯದ ಕಲ್ಲಿನ ರಥಕ್ಕೆ ಆಗ ಇಟ್ಟಿಗೆಯ ಶಿಖರವಿತ್ತು, ಇಂದು ಇಲ್ಲ. ಅದು ಇದ್ದುದಕ್ಕೆ ಆ ಚಿತ್ರ ಸಾಕ್ಷಿ. 1980ರ ದಶಕದಲ್ಲಿ ಜಾನ್ ಗೋಲಿಂಗ್ಸ್ ಎಂಬ ಆಸ್ಟ್ರೇಲಿಯದ ಛಾಯಾಗ್ರಾಹಕರು ಅವೇ ಎಡೆಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆದರು. ಹಿಂದಿನವನು ನಿಂತ ಸ್ಥಳ ತಿಳಿದುದರಿಂದಲೇ ಹೋಲಿಕೆ ಸಾಧ್ಯವಾಯಿತು.

2025ರ ಮಾಘಮಾಸದಲ್ಲಿ ನಾವು ಸಕುಟುಂಬವಾಗಿ ಅಲ್ಲಿಗೆ ಹೋಗಿ, ಮತಂಗಪರ್ವತದಿಂದ ಆನೆಗೊಂದಿಯವರೆಗೆ ಮೂರು ದಿನ ಸುತ್ತಿದೆವು. ಮನೆಗೆ ಬಂದಾಗ ನಾಲ್ಕು ಫೋನುಗಳಲ್ಲಿ 1,200 ಚಿತ್ರಗಳು! ಜ್ಯೇಷ್ಠದಲ್ಲಿ, ನಮ್ಮೊಡನೆ ಬಂದಿದ್ದ ಭಾವಮೈದುನರು ದೈವಾಧೀನರಾದರು. ಪುರಂದರಮಂಟಪದ ಬಳಿ ಅವರು ತುಂಗಭದ್ರೆಯನ್ನು ನೋಡುತ್ತ ಕುಳಿತಿದ್ದ ಚಿತ್ರ ಬೇಕೆಂದು ನಮ್ಮ ತಂಗಿ ಕೇಳಿದಳು.

ಮೊದಲು ಸ್ಥಳದಿಂದ ಹುಡುಕಿದೆವು. ಅನುಮತಿಯಿತ್ತಿದ್ದರೆ ಫೋನು ಪ್ರತಿಯೊಂದು ಚಿತ್ರದೊಳಗೂ ದಿನ, ವೇಳೆಗಳೊಡನೆ ಅಕ್ಷಾಂಶ ರೇಖಾಂಶಗಳನ್ನೂ ಬರೆದಿಡುತ್ತದೆ. ಭೂಪಟದಲ್ಲಿ ಊರನ್ನು ಮುಟ್ಟಿದರೆ ಅಲ್ಲಿಯ ಚಿತ್ರಗಳು ತೆರೆದುಕೊಳ್ಳುತ್ತವೆ. ಆದರೆ ಬೇಕಾದುದು ಅಲ್ಲಿರಲಿಲ್ಲ. ಅದು ವಾಟ್ಸಾಪಿನ ಮೂಲಕ ಬಂದುದು. ಆ ದಾರಿಯಲ್ಲಿ ಬಂದ ಚಿತ್ರವು ಸಾಮಾನ್ಯವಾಗಿ ಈ ವಿವರಗಳನ್ನು ಕಳೆದುಕೊಂಡಿರುತ್ತದೆ. ಕಡೆಗೆ ಮೊಮ್ಮಗನು ಮುಖದ ಹೋಲಿಕೆಯಿಂದ ಹುಡುಕಲು, 43 ಚಿತ್ರಗಳ ನಡುವೆ ಅದು ದೊರೆಯಿತು. ತಂಗಿ ಬಹಳ ಹೊತ್ತು ನೋಡಿದಳು, ಮಾತಾಡಲಿಲ್ಲ.

ಋಗ್ವೇದದ 1,028 ಸೂಕ್ತಗಳಿಗೂ ಋಷಿ, ದೇವತೆ, ಛಂದಸ್ಸುಗಳನ್ನು ಹೇಳುವ ಸರ್ವಾನುಕ್ರಮಣಿಯನ್ನು ನಮ್ಮ ಹಿರಿಯರು ರಚಿಸಿಟ್ಟರು. ಮನೆಯ ಚಿತ್ರಗಳಿಗೂ ಅಂಥ ಮೂರು ಸಾಕು: ಯಾರು, ಎಲ್ಲಿ, ಯಾವಾಗ. ಯಾತ್ರೆಯಿಂದ ಬಂದ ವಾರದೊಳಗೆ ಮಸುಕಾದುವನ್ನೂ ಒಂದೇ ಬಗೆಯವನ್ನೂ ಅಳಿಸಬೇಕು. ಉಳಿದುವನ್ನು ‘2025-02-08 ಹಂಪೆ’ ಎಂಬಂತೆ ಹೆಸರಿಟ್ಟ ಕಡತದಲ್ಲಿ ಸೇರಿಸಬೇಕು. ವರ್ಷ ಮೊದಲಾದರೆ ಕಡತಗಳು ತಾವಾಗಿ ಕಾಲಕ್ರಮದಲ್ಲಿ ನಿಲ್ಲುತ್ತವೆ. ಬೇರೊಂದು ಡಿಸ್ಕಿನಲ್ಲಿ ಇನ್ನೊಂದು ಪ್ರತಿಯಿರಲಿ.

ಯಂತ್ರವು ಮುಖವನ್ನು ಗುರುತಿಸೀತು. ಇವರು ನಮಗೇನಾಗಬೇಕೆಂಬುದನ್ನು ಅದು ಬಲ್ಲುದೇ? ಆ ಒಂದು ಸಾಲನ್ನು, ಬಲ್ಲವರು ಇರುವಾಗಲೇ ಬರೆದಿಡುವುದು ಲೇಸು.