ತಾಯಿಯಿಲ್ಲದ ಮರಿಗಳ ಶಾಲೆ

ಮಲೇಷ್ಯಾಕ್ಕೆ ಹೋಗಿ ಬಂದವರೆಲ್ಲ ಕೌಲಾಲಂಪುರದ ಅವಳಿ ಗೋಪುರಗಳ ಬಗ್ಗೆ ಹೇಳುತ್ತಾರೆ. ನಾನೂ ಅವನ್ನು ನೋಡಿದೆ. ಆದರೆ ಊರಿಗೆ ಮರಳಿದ ಮೇಲೂ ನನ್ನ ಕಣ್ಣಲ್ಲಿ ಉಳಿದದ್ದು ಕೆಂಗೂದಲಿನ ಒಂದು ಪುಟ್ಟ ಮರಿ.

ಕಳೆದ ವರ್ಷ ನಾನು ಮತ್ತು ಮಗಳು ಕೌಲಾಲಂಪುರದಲ್ಲಿರುವ ನನ್ನ ತಮ್ಮನ ಮನೆಗೆ ಹೋಗಿದ್ದೆವು. ಅಲ್ಲಿಂದ ಅವನು ನಮ್ಮನ್ನು ವಿಮಾನದಲ್ಲಿ ಬೋರ್ನಿಯೋ ದ್ವೀಪದ ಸಂಡಕಾನ್‌ಗೆ ಕರೆದೊಯ್ದ. ಅದರ ಸಮೀಪದ ಸೆಪಿಲೋಕ್‌ನಲ್ಲಿ ಒರಾಂಗುಟಾನ್‌ಗಳ ಪುನರ್ವಸತಿ ಕೇಂದ್ರವಿದೆ. ಮಲಯ ಭಾಷೆಯಲ್ಲಿ 'ಓರಾಂಗ್' ಎಂದರೆ ಮನುಷ್ಯ, 'ಹುತಾನ್' ಎಂದರೆ ಕಾಡು.

1964ರಲ್ಲಿ ಆರಂಭವಾದ ಕೇಂದ್ರವಿದು. ಮರಕ್ಕಾಗಿ, ತಾಳೆ ಎಣ್ಣೆಯ ತೋಟಗಳಿಗಾಗಿ ಕಾಡು ಕಡಿದಾಗ ತಾಯಿಯನ್ನು ಕಳೆದುಕೊಂಡ ಮರಿಗಳನ್ನು, ಜನರು ಮನೆಯಲ್ಲಿ ಕಟ್ಟಿ ಸಾಕಿದ್ದ ಮರಿಗಳನ್ನು ಇಲ್ಲಿಗೆ ತರುತ್ತಾರೆ. 2016ರಿಂದ ಬೋರ್ನಿಯೋದ ಒರಾಂಗುಟಾನ್ ತೀವ್ರ ಅಳಿವಿನಂಚಿನ ಪ್ರಾಣಿಗಳ ಪಟ್ಟಿಯಲ್ಲಿದೆ. ತಾಳೆ ಎಣ್ಣೆಯನ್ನು ಅತಿ ಹೆಚ್ಚು ಆಮದು ಮಾಡಿಕೊಳ್ಳುವ ದೇಶ ನಮ್ಮದೇ ಎಂದು ತಮ್ಮ ಹೇಳಿದಾಗ ನನ್ನ ಅಡುಗೆ ಮನೆಯ ಎಣ್ಣೆ ಪ್ಯಾಕೆಟ್ ನೆನಪಾಯಿತು.

ಗಾಜಿನಾಚೆ ಒಂದು ಮರಿ ಹಗ್ಗಕ್ಕೆ ಜೋತು ಬಿದ್ದು ಕೈ ಜಾರಿ ಕೆಳಗೆ ಬಿತ್ತು. "ಎತ್ತಿಕೊಳ್ಳಬಾರದೇ?" ಎಂದೆ. ತಲೆಗೆ ಸ್ಕಾರ್ಫ್ ಕಟ್ಟಿದ್ದ ಅಲ್ಲಿನ ಹುಡುಗಿ ನಕ್ಕು, "ನಾವೇ ಎತ್ತುತ್ತಿದ್ದರೆ ಅದು ಮರ ಹತ್ತಲು ಕಲಿಯುವುದು ಯಾವಾಗ ಮಕ್ಚಿಕ್?" ಎಂದಳು. ಅಲ್ಲಿ ಚಿಕ್ಕಮ್ಮನ ವಯಸ್ಸಿನವರನ್ನು ಹಾಗೆ ಕರೆಯುತ್ತಾರೆ.

ಕಾಡಿನಲ್ಲಾದರೆ ಮರಿ ಆರೇಳು ವರ್ಷ ತಾಯಿಯ ಜೊತೆಗೇ ಇರುತ್ತದೆಯಂತೆ. ಯಾವ ಹಣ್ಣು ತಿನ್ನಬೇಕು, ರಾತ್ರಿ ಮಲಗಲು ಕೊಂಬೆಗಳಿಂದ ಗೂಡು ಹೇಗೆ ಹೆಣೆಯಬೇಕು ಎಂಬುದನ್ನೆಲ್ಲ ತಾಯಿಯನ್ನು ನೋಡಿಯೇ ಕಲಿಯುತ್ತದೆ. ಇಲ್ಲಿ ಅದನ್ನು ಮನುಷ್ಯರು ಕಲಿಸಿ, ನಿಧಾನವಾಗಿ ಕಾಡಿಗೆ ಬಿಡುತ್ತಾರೆ. ಕಾಡಿನೊಳಗಿನ ಕಟ್ಟೆಯ ಮೇಲೆ ದಿನಕ್ಕೆರಡು ಬಾರಿ ಆಹಾರ ಇಡುತ್ತಾರೆ. ಅದೂ ಬೇಕೆಂದೇ ದಿನವೂ ಒಂದೇ ತೆರನಾದ ಆಹಾರ. ಬೇಸರ ಬಂದು ಅವು ಕಾಡಿನಲ್ಲಿ ತಾವೇ ಹುಡುಕಿಕೊಳ್ಳಲಿ ಎಂದು!

ನಾನು ಪಕ್ಕದಲ್ಲಿದ್ದ ಮಗಳನ್ನು ನೋಡಿದೆ. ಮೈಸೂರಿನ ಕಾಲೇಜಿನಲ್ಲಿ ಅವಳಿಗೆ ಸೀಟು ಸಿಕ್ಕಿತ್ತು. ಹಾಸ್ಟೆಲ್ ಎಂದೊಡನೆ ನಾನು ಬೇಡ ಎಂದಿದ್ದೆ. ಅವಳ ಅಬ್ಬಾ ತೀರಿಕೊಂಡ ಮೇಲೆ ಒಂದು ರಾತ್ರಿಯೂ ಅವಳನ್ನು ಬಿಟ್ಟಿರಲಿಲ್ಲ. ಅವಳೂ ಹಟ ಮಾಡಿರಲಿಲ್ಲ, ಸುಮ್ಮನಾಗಿದ್ದಳು. ಆ ಮೌನವನ್ನು ನಾನು ಒಪ್ಪಿಗೆ ಎಂದುಕೊಂಡಿದ್ದೆ. ಭಯ ಇದ್ದದ್ದು ನಿಜ, ಆದರೆ ಅದು ಅವಳಿಗಿಂತ ನನ್ನ ಬಗ್ಗೆಯೇ ಹೆಚ್ಚು ಎಂದು ಅಂದು ಅರಿವಾಯಿತು. ಖಾಲಿ ಮನೆಯಲ್ಲಿ ನಾನೊಬ್ಬಳೇ ಹೇಗಿರಲಿ?

ಊರಿಗೆ ಬಂದ ಮರುದಿನವೇ ಹಾಸ್ಟೆಲ್‌ನ ಅರ್ಜಿಗೆ ಸಹಿ ಹಾಕಿದೆ. ಕೈ ನಡುಗಿತು. ಹೊರಡುವವರೆಗಿನ ದಿನಗಳಲ್ಲಿ ಅವಳಿಗೆ ಅನ್ನ, ಸಾರು ಮಾಡಲು ಕಲಿಸಿದೆ. ಬ್ಯಾಂಕಿಗೆ ಅವಳೊಬ್ಬಳನ್ನೇ ಕಳುಹಿಸಿದೆ.

ಮೊನ್ನೆ ಫೋನ್ ಮಾಡಿ, "ಅಮ್ಮೀ, ಇಲ್ಲಿ ದಿನಾ ಒಂದೇ ಥರದ ಊಟ" ಎಂದು ದೂರಿದಳು. ನನಗೆ ನಗು ತಡೆಯಲಾಗಲಿಲ್ಲ. ಒಂದು ಕ್ಷಣ ಬಿಟ್ಟು ಅವಳಿಗೂ ನೆನಪಾಗಿರಬೇಕು, ಆ ಕಡೆಯಿಂದ ಅವಳೂ ಜೋರಾಗಿ ನಕ್ಕಳು.