ಕಾಶಿಗೆ ಬಂದ ಗಾಳ

ಕಾಶಿಗೆ ಹೋದವರು ತಮಗೆ ಪ್ರಿಯವಾದುದೊಂದನ್ನು ಗಂಗೆಗೆ ಬಿಟ್ಟು ಬರಬೇಕೆಂಬ ವಾಡಿಕೆ ನಮ್ಮವರಲ್ಲಿದೆ. ಒಬ್ಬರು ಹಲಸಿನಹಣ್ಣು ಬಿಡುತ್ತಾರೆ, ಮತ್ತೊಬ್ಬರು ಬದನೆಕಾಯಿ ಬಿಡುತ್ತಾರೆ. ಬಿಟ್ಟದ್ದನ್ನು ಮತ್ತೆ ಬಾಯಿಗೆ ಹಾಕುವಂತಿಲ್ಲ. ನಾಲ್ಕು ವರ್ಷಗಳ ಹಿಂದೆ ನಮಗೆ ವಾರಾಣಸಿಗೆ ವರ್ಗದ ಆಜ್ಞೆ ಬಂದಾಗ ಕುಂದಾಪುರದ ಹಿರಿಯರೊಬ್ಬರು, "ಏನು ಬಿಡಬೇಕೆಂದು ನೀನು ಹುಡುಕುವ ಶ್ರಮವಿಲ್ಲ. ಗಾಳ ಬಿಟ್ಟುಬಿಡು. ಹೆಂಡತಿ ಮಕ್ಕಳು ಭಾನುವಾರವಾದರೂ ನಿನ್ನ ಮುಖ ಕಂಡಾರು" ಎಂದು ಹರಸಿ ಕಳಿಸಿದರು. ನಾವು ನಕ್ಕೆವು. ನಕ್ಕು, ಹಾಸಿಗೆಯ ಸುರುಳಿಯೊಳಗೆ ಬಿಸ್ಕತ್ತಿನ ಹಳೆಯ ಡಬ್ಬಿಯೊಂದನ್ನು ಸೇರಿಸಿ ಕಟ್ಟಿದೆವು. ಅದರೊಳಗೆ ನಮ್ಮ ಗಾಳಗಳು, ಸೀಸದ ಗುಂಡುಗಳು ಮತ್ತು ನೈಲಾನ್ ದಾರದ ಎರಡು ಉಂಡೆಗಳಿದ್ದುವು.

ಬಿಡಾರ ಸಿಕ್ಕಿದ್ದು ಭೇಲೂಪುರದಲ್ಲಿ. ಯಾತ್ರೆಗೆ ಬಂದುಹೋದ ಓದುಗರು ಈ ಹೆಸರನ್ನು ಆಟೋದವರ ಬಾಯಲ್ಲಿ ಕೇಳಿರಬಹುದು. ಇಳಿದು ನೋಡಿದವರು ಕಡಿಮೆ. ಇಪ್ಪತ್ತಮೂರನೆಯ ತೀರ್ಥಂಕರರಾದ ಪಾರ್ಶ್ವನಾಥರು ಹುಟ್ಟಿದ್ದು ಇಲ್ಲಿ ಎಂದು ಜೈನರು ನಂಬುತ್ತಾರೆ. ಕಾರ್ಕಳ, ಮೂಡುಬಿದಿರೆಯ ಕಡೆಯ ಯಾತ್ರಿಕರು ಬಸದಿಯ ಬಾಗಿಲಲ್ಲಿ ನಮ್ಮ ಮಾತಾಡುತ್ತ ನಿಂತಿದ್ದನ್ನು ಕಂಡು, ಎರಡು ಸಲ ಮನೆಗೆ ಕರೆತಂದು ಕಾಫಿ ಕೊಟ್ಟದ್ದುಂಟು. ಇನ್ನೊಂದು ಮಗ್ಗುಲಲ್ಲಿ ಇಲ್ಲಿಯವರು ಜಲಕಲ್ ಎಂದು ಕರೆಯುವ ನೀರು ಸರಬರಾಜಿನ ಕಾರ್ಖಾನೆ. 1892ರಷ್ಟು ಹಳೆಯದು. ಭದೈನಿಯಲ್ಲಿ ಎತ್ತಿದ ಗಂಗೆಯ ನೀರು ಇಲ್ಲಿಗೆ ಬಂದು, ಸೋಸಿ, ಊರಿಗೆ ಹೋಗುತ್ತದೆ. ಗಂಗಾಸ್ನಾನಕ್ಕೆ ಸೋನಾರ್‌ಪುರಾ ದಾಟಿ ಗಲ್ಲಿಯಲ್ಲಿ ಇಳಿದು ಹನುಮಾನ್ ಘಾಟಿಗೆ ಹೋಗಬೇಕಾದರೂ, ನಲ್ಲಿ ತಿರುಗಿಸಿದರೆ ಅವಳೇ ಮನೆಗೆ ಬರುತ್ತಾಳೆ. ಹನುಮಾನ್ ಘಾಟಿನ ಪಕ್ಕದಲ್ಲೇ ಮೈಸೂರು ಸಂಸ್ಥಾನದವರು ಕಟ್ಟಿಸಿದ, ಈಗ ಕರ್ನಾಟಕದ ಹೆಸರು ಹೊತ್ತ ಘಾಟು. ಮೆಟ್ಟಿಲ ಮೇಲೆ ಕನ್ನಡದ ಅಕ್ಷರ ಕಂಡ ದಿನ ನಮ್ಮ ಮನೆಯವರು ಅಲ್ಲಿಯೇ ಸ್ವಲ್ಪ ಹೊತ್ತು ಕೂತುಬಿಟ್ಟರು.

ಅಹಿಂಸೆಯನ್ನು ಸಾರಿದವರ ಜನ್ಮಸ್ಥಳದ ಹಿಂದಿನ ಬೀದಿಯಲ್ಲಿ ಗಾಳದ ಡಬ್ಬಿ ಇಟ್ಟುಕೊಂಡಿರುವುದು ನಮಗೇ ಸ್ವಲ್ಪ ಮುಜುಗರದ ಸಂಗತಿಯಾಗಿತ್ತು. ಡಬ್ಬಿ ಬೀರುವಿನ ಮೇಲೆಯೇ ಉಳಿಯಿತು.

ಗಾಳದ ಹುಚ್ಚು ನಮಗೆ ತಂದೆಯವರಿಂದ ಬಂದದ್ದು. ಕುಂದಾಪುರ ಗಂಗೊಳ್ಳಿಗಳ ನಡುವೆ ಸೌಪರ್ಣಿಕಾ, ವಾರಾಹಿ, ಚಕ್ರಾ ಮೊದಲಾದ ಐದು ನದಿಗಳು ಕೂಡಿ ಕಡಲಿಗೆ ಸೇರುತ್ತವೆ. ಪಂಚಗಂಗಾವಳಿ ಎಂದು ಹೆಸರು. ಕಾಶಿಯಲ್ಲಿಯೂ ಒಂದು ಪಂಚಗಂಗಾ ಘಾಟು ಇದೆ, ಆದರೆ ಅಲ್ಲಿ ಐದರಲ್ಲಿ ಕಣ್ಣಿಗೆ ಕಾಣುವುದು ಒಂದೇ. ನಮ್ಮದರಲ್ಲಿ ಐದೂ ಕಾಣುತ್ತವೆ, ಮೇಲೆ ಉಪ್ಪುನೀರು ಬೇರೆ. ಆ ಅಳಿವೆಯ ದಡದಲ್ಲಿ ತಂದೆಯವರು ಶಾಲೆಯ ಕೆಲಸ ಮುಗಿಸಿ ಬಂದು ಕೂರುತ್ತಿದ್ದರು. ಅವರಿಗೆ ಕೋಲು ಕೂಡ ಬೇಡ. ದಾರವನ್ನು ತೋರುಬೆರಳಿನ ಮೇಲೆ ಹಾಯಿಸಿಕೊಂಡು, ತುದಿಯಲ್ಲಿ ಸೀಸದ ಗುಂಡು, ಅದಕ್ಕಿಂತ ಒಂದು ಮೊಳ ಮೇಲೆ ಎರಡು ಸಣ್ಣ ಗಾಳ. ಗಾಳಕ್ಕೆ ಸಿಗಡಿಯನ್ನು ಬಾಲದ ಕಡೆಯಿಂದ ಪೋಣಿಸಬೇಕು. ಮರಳು ತಳದಲ್ಲಿ ಮೇಯುವ ಕಾಣೆ ಮೀನು ಮೊದಲು ಎರಡು ಸಲ ಬೆರಳನ್ನು ತಟ್ಟಿ ನೋಡುತ್ತದೆ, ಮೂರನೆಯದಕ್ಕೆ ಎಳೆಯುತ್ತದೆ. ಎರಡನೆಯದಕ್ಕೇ ಎಳೆದವನು ಬರಿಗೈಯಲ್ಲಿ ಮನೆಗೆ ಹೋಗುತ್ತಾನೆ. ನಾವು ಬಿ.ಎ. ಓದಿ ಕಲಿತದ್ದಕ್ಕಿಂತ ಹೆಚ್ಚಿನ ತಾಳ್ಮೆಯನ್ನು ಆ ಬೆರಳಿನಿಂದ ಕಲಿತೆವು. ಕಚೇರಿಯಲ್ಲಿ ಅದು ಈಗಲೂ ಉಪಯೋಗಕ್ಕೆ ಬರುತ್ತಿದೆ.

ಕಾಶಿಯಲ್ಲಿ ಮೀನು ನೋಡುವುದಕ್ಕೇನೂ ಕೊರತೆಯಿಲ್ಲ. ಘಾಟುಗಳಲ್ಲಿ ಹಿಟ್ಟಿನ ಉಂಡೆ ಮಾರುತ್ತಾರೆ. ನೀರಿಗೆಸೆದರೆ ಮೀನುಗಳು ಮುತ್ತುತ್ತವೆ, ಎಸೆದವರಿಗೆ ಪುಣ್ಯ. ರಾಮನಗರದ ಕೋಟೆಯಿಂದ ಮಾಲವೀಯ ಸೇತುವೆಯವರೆಗಿನ ಏಳು ಕಿಲೋಮೀಟರು ಗಂಗೆಯನ್ನು 1989ರಲ್ಲಿ ಆಮೆಗಳ ಅಭಯಧಾಮವೆಂದು ಘೋಷಿಸಿದ್ದರು. ಅರ್ಧ ಸುಟ್ಟು ನೀರು ಸೇರಿದ ಶವಗಳನ್ನು ಆಮೆಗಳು ತಿಂದು ಹೊಳೆಯನ್ನು ಚೊಕ್ಕಟ ಮಾಡಲಿ ಎಂಬುದು ಉದ್ದೇಶ. ಹಾಗಾಗಿ ಆ ಮೂವತ್ತು ವರ್ಷ ಘಾಟಿನ ಮುಂದೆ ಬಲೆ ಹಾಕುವಂತಿರಲಿಲ್ಲ. 2020ರಲ್ಲಿ ಆ ಘೋಷಣೆಯನ್ನು ಹಿಂದೆಗೆದುಕೊಂಡು, ಮೇಲಕ್ಕೆ ಪ್ರಯಾಗರಾಜ, ಮಿರ್ಜಾಪುರ, ಭದೋಹಿಗಳ ಕಡೆ ಬೇರೊಂದು ಅಭಯಧಾಮ ಮಾಡಿದರು. ಕಾಯ್ದೆ ಹೋದರೂ ನಮಗೆ ಆ ಮೆಟ್ಟಿಲ ಮೇಲೆ ಗಾಳ ಬಿಚ್ಚುವ ಧೈರ್ಯ ಬರಲಿಲ್ಲ. ಒಬ್ಬರು ಪುಣ್ಯಕ್ಕೆಂದು ಉಂಡೆ ಹಾಕಿದ ಜಾಗದಲ್ಲಿಯೇ ಇನ್ನೊಬ್ಬರು ಗಾಳಕ್ಕೆ ಉಂಡೆ ಚುಚ್ಚುವುದು ಸರಿಯಲ್ಲವೆಂದು ತೋರಿತು.

ನಮ್ಮ ಮನೆಯ ಮೇಲಣ ಅಂತಸ್ತಿನಲ್ಲಿ ವಯಸ್ಸಾದ ಬಂಗಾಳಿ ತಾಯಿಯೊಬ್ಬರಿದ್ದಾರೆ. ಬೀದಿಯವರೆಲ್ಲ ಅವರನ್ನು ಮಾಸೀಮಾ ಎನ್ನುತ್ತಾರೆ, ನಾವೂ ಹಾಗೆಯೇ ಎನ್ನುತ್ತೇವೆ. ಎರಡು ವರ್ಷದ ಹಿಂದೆ ಶ್ರಾವಣದಲ್ಲಿ ಕೋಲ್ಕತ್ತೆಯಿಂದ ಬಂದ ನಮ್ಮ ಸಹೋದ್ಯೋಗಿಯೊಬ್ಬರು ಮಂಜುಗಡ್ಡೆಯಲ್ಲಿಟ್ಟ ಇಲಿಶ್ ಮೀನು ತಂದುಕೊಟ್ಟರು. ಒಂದು ತುಂಡನ್ನು ಮಾಸೀಮಾಗೆ ಕೊಡಲು ಹೋದರೆ ಅವರು ಮೂಸಿ ನೋಡಿ ತಟ್ಟೆಯನ್ನು ಬದಿಗಿಟ್ಟರು.

"ಬೇಸರ ಮಾಡಿಕೋಬೇಡ ಬಾಬು. ನಾನು ಮದುವೆಯಾಗಿ ಈ ಊರಿಗೆ ಬಂದಾಗ ಇಲಿಶ್ ರೈಲಿನಲ್ಲಿ ಬರುತ್ತಿರಲಿಲ್ಲ. ತಾನೇ ಈಜಿಕೊಂಡು ನಮ್ಮ ಘಾಟಿಗೆ ಬರುತ್ತಿತ್ತು. ಮಲ್ಲಾಹರ ಹೆಂಗಸು ಬುಟ್ಟಿ ಹೊತ್ತು ಗಲ್ಲಿಗೆ ಬರುವಾಗ ಇನ್ನೂ ಬಾಲ ಬಡಿಯುತ್ತಿತ್ತು. ಆಮೇಲೆ ಒಂದು ವರ್ಷ ಕಡಿಮೆ, ಮರುವರ್ಷ ಇನ್ನೂ ಕಡಿಮೆ. ನನ್ನ ಚಿಕ್ಕ ಮಗನಿಗೆ ಆ ರುಚಿಯೇ ಗೊತ್ತಿಲ್ಲ."

ನಾವು ಕಡಲದಂಡೆಯವರು, ಕಾಶಿಗೆ ಕಡಲಮೀನು ಬರುತ್ತಿತ್ತೆಂದರೆ ನಂಬಲಿಲ್ಲ. ಹುಡುಕಿ ಓದಿದ ಮೇಲೆ ನಂಬಿದೆವು. ಇಲಿಶ್, ಅಂದರೆ ಹಿಲ್ಸಾ, ನಮ್ಮ ಬೂತಾಯಿಯ ದೊಡ್ಡ ದಾಯಾದಿ. ಬಾಳುವುದು ಬಂಗಾಳ ಕೊಲ್ಲಿಯ ಉಪ್ಪುನೀರಿನಲ್ಲಿ. ಮೊಟ್ಟೆಯಿಡಲು ಮಾತ್ರ ಮಳೆಗಾಲದ ಕೆಂಪು ನೀರಿಗೆ ಎದುರಾಗಿ ಹೊಳೆ ಹತ್ತುತ್ತದೆ. ಮರಿಗಳು ಸಿಹಿನೀರಿನಲ್ಲಿ ಬೆಳೆದು ಮತ್ತೆ ಕಡಲಿಗಿಳಿಯುತ್ತವೆ. ಹಲ್ದಿಯಾದಿಂದ ವಾರಾಣಸಿಗೆ ಜಲಮಾರ್ಗದ ಉದ್ದ 1,390 ಕಿಲೋಮೀಟರು. ಅಷ್ಟು ದೂರ ಎದುರು ಈಜಿ, ಕಾಶಿಯನ್ನೂ ದಾಟಿ, ಅದು ಪ್ರಯಾಗದ ಆಚೆಗೂ ಹೋಗುತ್ತಿತ್ತು. 1975ರಲ್ಲಿ ಮುರ್ಶಿದಾಬಾದ್ ಜಿಲ್ಲೆಯ ಫರಕ್ಕಾದಲ್ಲಿ ಗಂಗೆಗೆ ಅಡ್ಡಲಾಗಿ ಎರಡು ಕಿಲೋಮೀಟರಿಗಿಂತ ಉದ್ದದ ಕಟ್ಟೆ ಕೆಲಸ ಆರಂಭಿಸಿತು. ಕೋಲ್ಕತ್ತೆಯ ಬಂದರಿನಲ್ಲಿ ಹೂಳು ತುಂಬುತ್ತಿದ್ದುದರಿಂದ ನೀರನ್ನು ಹೂಗ್ಲಿಗೆ ತಿರುಗಿಸಬೇಕಾಗಿತ್ತು, ಕಾರಣ ಸಣ್ಣದೇನಲ್ಲ. ಆದರೆ ಕಡತ ತಿರುವುವ ನಮಗೆ ಚೆನ್ನಾಗಿ ತಿಳಿದ ಒಂದು ಮಾತಿದೆ: ಮೀನು ಅರ್ಜಿ ಹಾಕುವುದಿಲ್ಲ. ಅದು ಕಟ್ಟೆಯ ಬುಡಕ್ಕೆ ಬಂದು, ದಾರಿ ಕಾಣದೆ ಅಲ್ಲಿಯೇ ಸುತ್ತಿತು, ಅಲ್ಲಿಯೇ ಬಲೆಗೆ ಬಿತ್ತು. ಈಗ ಬ್ಯಾರಕ್‌ಪುರದ ಕೇಂದ್ರ ಒಳನಾಡು ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಹಿಲ್ಸಾಗಳಿಗೆ ಗುರುತಿನ ಚೀಟಿ ಕಟ್ಟಿ ಕಟ್ಟೆಯ ಮೇಲ್ಭಾಗಕ್ಕೆ ಬಿಡುತ್ತಿದ್ದಾರೆ. ಹಡಗು ದಾಟಿಸುವ ಹೊಸ ಬಾಗಿಲಿನಲ್ಲಿ ಮೀನಿಗೂ ದಾರಿ ಬಿಡುವುದಾಗಿ 2019ರಲ್ಲಿ ಸರಕಾರ ಪ್ರಕಟಿಸಿತು. ಮಾಸೀಮಾಗೆ ಇದನ್ನು ಹೇಳಿದಾಗ, "ಬರಲಿ, ಬಂದ ದಿನ ನನ್ನನ್ನು ಎಬ್ಬಿಸು" ಎಂದರು.

ನಮ್ಮ ಮಗ ಅಲ್ಲಿಯೇ ಕೂತು ಇದೆಲ್ಲ ಕೇಳುತ್ತಿದ್ದ. ಅದರ ಫಲ ಕಳೆದ ವರ್ಷ ಮೇ ತಿಂಗಳಲ್ಲಿ ನಮ್ಮ ತಲೆಗೇ ಬಂತು.

ಎಲ್.ಟಿ.ಸಿ. ಪಡೆದು ಊರಿಗೆ ಹೋಗಿದ್ದೆವು. ಅಳಿವೆಯ ಒಳಗೆ ಕಾಂಡ್ಲಾ ಮರಗಳ ಬೇರಿನ ಬಳಿ ನಮ್ಮ ಹೊಸ ರಾಡು ಮತ್ತು ರೀಲಿಗೆ ಅಂದು ಯೋಗ ಕೂಡಿಬಂದಿತ್ತು. ಎರಡು ಗಂಟೆಯೊಳಗೆ ಹದಿನೇಳು ಕೆಂಬೇರಿ! ಸಾಲಾಗಿ ಬಾಳೆಲೆಯ ಮೇಲೆ ಜೋಡಿಸಿ, ಫೋಟೋ ತೆಗೆದು, ಬೆಂಗಳೂರು, ಮುಂಬಯಿ, ದುಬೈಗಳ ಬಂಧುಗಳಿಗೆಲ್ಲ ಕಳಿಸಿದೆವು. ಮೆಚ್ಚುಗೆ ಬರುತ್ತಿರುವಾಗ ಮಗ ಒಂದೊಂದೇ ಮೀನಿನ ಪಕ್ಕ ಕೈಯಿಟ್ಟು ಅಳೆಯುತ್ತಿದ್ದ.

"ಅಪ್ಪಯ್ಯ, ಒಂದೂ ಗೇಣುದ್ದ ಇಲ್ಲ. ಇವೆಲ್ಲ ಮರಿಗಳಲ್ಲವೇ?"

ಮರಿಗಳೇ. ಕೆಂಬೇರಿ ಬೆಳೆದರೆ ಒಂದು ಮೊಳವನ್ನೂ ಮೀರುವ ಮೀನು. ಎಳವೆಯಲ್ಲಿ ಅಳಿವೆಯ ಬೇರುಗಳ ಮರೆಯಲ್ಲಿ ಬೆಳೆದು, ಬಲಿತ ಮೇಲೆ ಕಡಲಿಗೆ ಹೋಗಿ ಅಲ್ಲಿ ಮೊಟ್ಟೆಯಿಡುತ್ತದೆ. ಹಿಲ್ಸಾದ ಸಂಸಾರ ಒಂದು ದಿಕ್ಕಾದರೆ ಇದರದು ಅದಕ್ಕೆ ಎದುರು ದಿಕ್ಕು, ಅಷ್ಟೆ. ಅಲ್ಲಿ ದಾರಿಗೆ ಅಡ್ಡ ಬಂದದ್ದು ಕಟ್ಟೆ, ಇಲ್ಲಿ ಅಡ್ಡ ಬಂದವರು ನಾವು. ಅದೂ ಹೊಟ್ಟೆಪಾಡಿಗಲ್ಲ, ರಜೆಯ ಉಲ್ಲಾಸಕ್ಕೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಂತ್ರದ ದೋಣಿಗಳನ್ನು ದಡಕ್ಕೆಳೆದು, ಮೀನು ಮರಿಮಾಡಲೆಂದು ಮೊಗವೀರರು ಸಂಪಾದನೆ ಬಿಟ್ಟು ಕೂರುತ್ತಾರೆ. ನೂಲಹುಣ್ಣಿಮೆಗೆ ಸಮುದ್ರಪೂಜೆ ಮಾಡುತ್ತಾರೆ. ದಡದಲ್ಲಿ ರಾಡು ಹಿಡಿದು ನಿಂತ ಗುಮಾಸ್ತನನ್ನು ಕೇಳುವವರು ಯಾರು? ಆ ರಾತ್ರಿಯ ಸಾರು ನಮ್ಮ ಗಂಟಲಲ್ಲಿ ಸಲೀಸಾಗಿ ಇಳಿಯಲಿಲ್ಲ. ಫೋಟೋವನ್ನು ಅಳಿಸಿದೆವು, ಆದರೆ ದುಬೈಯವರು ಅದನ್ನು ಇನ್ನೂ ಹತ್ತು ಮಂದಿಗೆ ಕಳಿಸಿಯಾಗಿತ್ತು.

ಮರುದಿನದಿಂದ ಸಣ್ಣದನ್ನು ಬಿಡುವುದೆಂದು ತೀರ್ಮಾನಿಸಿದೆವು. ಬಿಡುವುದೂ ಒಂದು ವಿದ್ಯೆ. ಗಾಳದ ಒಳಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿದರೆ ಬಾಯಿ ಹರಿಯದೆ ಕಳಚುತ್ತದೆ. ಒಣ ಕೈಯಲ್ಲಿ ಹಿಡಿದರೆ ಮೈಯ ಲೋಳೆ ಹೋಗಿ ಮೀನಿಗೆ ಹುಣ್ಣಾಗುತ್ತದೆ. ಕೈ ಒದ್ದೆ ಮಾಡಿಕೊಳ್ಳಬೇಕು. ಕಿವಿರಿಗೆ ಬೆರಳು ಹಾಕಬಾರದು. ನೀರಿನಿಂದ ಹೊರಗಿರುವ ಹೊತ್ತು ನಾವು ಉಸಿರು ಕಟ್ಟಿ ನಿಲ್ಲಬಲ್ಲಷ್ಟೇ ಇರಬೇಕು. ಗಾಳ ನುಂಗಿಬಿಟ್ಟಿದ್ದರೆ ಎಳೆಯದೆ ದಾರವನ್ನು ಬಾಯಿಯ ಹತ್ತಿರ ಕತ್ತರಿಸಿಬಿಡಬೇಕು. ತುಂಡಾದ ನೈಲಾನನ್ನು ದಡದಲ್ಲಿ ಎಸೆಯದೆ ಜೇಬಿಗೆ ಹಾಕಿಕೊಳ್ಳಬೇಕು, ಕೊಕ್ಕರೆಯ ಕಾಲಿಗೆ ಸುತ್ತಿದರೆ ಅದು ಮತ್ತೆ ಹಾರಲಾರದು.

ಇದನ್ನೆಲ್ಲ ನೋಡುತ್ತ ಕೂತಿದ್ದ ತಂದೆಯವರು ಕೊನೆಗೆ ಬಾಯಿಬಿಟ್ಟರು.

"ಬಿಡುದಾರೆ ಹಿಡುದ್ ಎಂತಕ್ಕಾ?"

ಕಾವೇರಿಯಲ್ಲಿ ಮಹಶೀರ್ ಹಿಡಿದು, ತೂಗಿ, ಬಿಡುತ್ತಿದ್ದ ಗಾಳದ ಹವ್ಯಾಸಿಗಳೇ ಬಹಳ ಕಾಲ ಆ ಮೀನನ್ನು ಸಿಡಿಮದ್ದಿನವರಿಂದ ಕಾದರು. ಹಾಗಿದ್ದೂ ಅಲ್ಲಿಯ ಗೂನುಬೆನ್ನಿನ ಮಹಶೀರನ್ನು 2018ರಲ್ಲಿ ಅಳಿವಿನ ಅಂಚಿನ ಪಟ್ಟಿಗೆ ಸೇರಿಸಬೇಕಾಯಿತು ಎಂದು ನಾವು ವಿವರಿಸಿದೆವು. ತಂದೆಯವರು ಒಪ್ಪಲಿಲ್ಲ. ಅದು ದೊರೆಗಳ ಆಟ. ತಾನು ಎಪ್ಪತ್ತು ವರ್ಷ ಉಣ್ಣುವಷ್ಟೇ ಹಿಡಿದವನು. ತಿನ್ನದ ಮೀನಿನ ಬಾಯಿ ಚುಚ್ಚಿ ಮೋಜು ನೋಡುವುದು ಯಾವ ಧರ್ಮ? ಭೇಲೂಪುರದ ಬಸದಿಯ ಬಾಗಿಲು ನಮಗೆ ನೆನಪಾಯಿತು, ಉತ್ತರ ಹೊಳೆಯಲಿಲ್ಲ. ಅಜ್ಜಯ್ಯ ಮೊಮ್ಮಗ ಇಬ್ಬರೂ ನಮ್ಮನ್ನು ಎರಡು ಕಡೆಯಿಂದ ಎಳೆದರು. ಉಳಿದ ರಜೆಯಲ್ಲಿ ನಾವು ಹೆಚ್ಚು ಗಾಳ ಹಾಕಲಿಲ್ಲ.

ಅದೇ ವರ್ಷ ಕಾರ್ತಿಕದಲ್ಲಿ ತಂದೆಯವರು ಕಾಶಿಗೆ ಬಂದರು. ಎರಡು ದಿನ ಭೇಲೂಪುರದ ಮನೆಯಲ್ಲಿ ವಿಶ್ರಮಿಸಿ, ಮಾಸೀಮಾ ಜತೆ ಮೀನಿನ ವಿಷಯವಾಗಿ ದೀರ್ಘ ಸಂಭಾಷಣೆ ನಡೆಸಿದರು. ಅವರಿಗೆ ಹಿಂದಿ ಬಾರದು, ಇವರಿಗೆ ಕನ್ನಡ ಬಾರದು. ಕೈಯಳತೆಯಲ್ಲಿಯೇ ಎಲ್ಲ ನಡೆಯಿತು. ಮೂರನೆಯ ದಿನ ಬೆಳಿಗ್ಗೆ ಹನುಮಾನ್ ಘಾಟಿನಲ್ಲಿ ಮಿಂದು ಸಂಕಲ್ಪಕ್ಕೆ ಕೂತಾಗ ಪುರೋಹಿತರು, ಯಾವ ಹಣ್ಣು ಬಿಡುತ್ತೀರಿ, ಯಾವ ಕಾಯಿ ಬಿಡುತ್ತೀರಿ ಎಂದು ಕೇಳಿದರು. ತಂದೆಯವರು ಒಂದು ಕ್ಷಣ ನೀರಿನ ಕಡೆ ನೋಡಿ, ಮೊಮ್ಮಗನ ಬಲಗೈ ಹಿಡಿದು, ಹೆಬ್ಬೆರಳು ಕಿರುಬೆರಳನ್ನು ಅಗಲಿಸಿ ತೋರಿಸಿದರು.

"ಇಷ್ಟ್ ಉದ್ದಕ್ಕಿಂತ ಸಣ್ಣ ಮೀನ್."

ನಾವು ಅದನ್ನು ಹಿಂದಿಗೆ ತಿರುಗಿಸಿ ಹೇಳಿದೆವು. ಪುರೋಹಿತರು ನಮ್ಮ ಮುಖ ನೋಡಿದರು, ಮತ್ತೆ ಹುಡುಗನ ಕೈ ನೋಡಿದರು. ಇಷ್ಟು ವರ್ಷದಲ್ಲಿ ಇಂಥದನ್ನು ಬಿಟ್ಟವರನ್ನು ಕಂಡಿಲ್ಲವೆಂದರು. ಮಂತ್ರದಲ್ಲಿ ಅದಕ್ಕೇನು ಹೆಸರು ಹಾಕಿದರೋ ತಿಳಿಯದು, ನೀರು ಬಿಡಿಸಿದರು. ಕೆಂಬೇರಿಗೆ ಹತ್ತು ವರ್ಷದ ಹುಡುಗನ ಗೇಣು ಸಾಲದೆಂದು ನಮಗೆ ಗೊತ್ತಿತ್ತು. ಆ ಹೊತ್ತಿನಲ್ಲಿ ಹೇಳಬೇಕೆನಿಸಲಿಲ್ಲ. ಹೇಗೂ ಅವನ ಕೈ ಬೆಳೆಯುತ್ತಿದೆ.

ನಮ್ಮ ಸರದಿ ಬಂದಾಗ ನಾವು ಹಾಗಲಕಾಯಿ ಬಿಟ್ಟೆವು. ಅದನ್ನು ನಾವು ಎಂದೂ ಇಷ್ಟಪಟ್ಟವರಲ್ಲ, ಆದ್ದರಿಂದ ಲೆಕ್ಕಕ್ಕೆ ಸೇರುವುದಿಲ್ಲವೆಂದು ನಮ್ಮ ಮನೆಯವರು ಗಲ್ಲಿಯುದ್ದಕ್ಕೂ ವಾದಿಸುತ್ತ ಬಂದರು. ಬಿಸ್ಕತ್ತಿನ ಡಬ್ಬಿ ಇನ್ನೂ ಬೀರುವಿನ ಮೇಲಿದೆ.